ತಾಯಿಗಿಡದ ಬುಡದ ಮಣ್ಣು

"ಇನ್ನೂ ಯಾರೂ ಟೊಪ್ಪಿಗಿ ತಗದಿಲ್ಲೇನ್ರಪಾ?"

ಉತ್ತರ ಕೊಡುವವರು ಸುತ್ತ ಯಾರೂ ಇಲ್ಲ. ಚಿಕ್ಕೋಡಿ ಕಡೆಯ ಅನಂತಪುರ ದಾಟಿ ದ್ರಾಕ್ಷಿ ತೋಟಗಳು ಶುರುವಾಗುವ ಮೊದಲು ಸಿಗುವ ಗರಸು ನೆಲದ ತುಂಡಿನಲ್ಲಿ ಮಾಳಸಿದ್ದ ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕುಳಿತಿದ್ದಾನೆ. ಮೂಡಲ ದಿಕ್ಕು ಈಗಷ್ಟೇ ಕೆಂಪೇರುತ್ತಿದೆ. ಎದುರಿನ ಮರಳ ಮಡಿಯಲ್ಲಿ ಬೆರಳುದ್ದದ ಪೈನ್ ಸಸಿಗಳು. ಒಡೆದು ಬಂದ ಬೀಜದ ಸಿಪ್ಪೆ ಒಂದೊಂದರ ನೆತ್ತಿಯ ಮೇಲೂ ಹಾಗೇ ಕುಳಿತಿದೆ, ಹಸುಗೂಸಿಗೆ ಕಟ್ಟಿದ ಕುಲಾವಿಯ ಹಾಗೆ. ಗುಬ್ಬಿಗಳಿಗೆ ಅದು ಕಾಳಿನಂತೆ ಕಾಣುತ್ತದೆ. ಕುಕ್ಕಿದರೆ ಕುಲಾವಿಯ ಜೊತೆಗೆ ತಲೆಯೂ ಹೋಗುತ್ತದೆ.

"ಹಕ್ಕಿ ತಗದ್ರ ಸಾಯ್ತಾವ. ನಾ ಕೈಲೆ ತಗದ್ರೂ ಸಾಯ್ತಾವ. ತಮ್ಮ ಟೊಪ್ಪಿಗಿ ತಾವ ತಗೀಬೇಕ್ರಿ. ಅಲ್ಲೀತನಕ ನಾವು ಬರೇ ಕುಂದರೂದು," ಎನ್ನುತ್ತಾನೆ. ಗುಬ್ಬಿಯೊಂದು ಬೇಲಿಗೆ ಬಂದು ಕುಳಿತರೆ ಕೋಲನ್ನು ನೆಲಕ್ಕೆ ಮೆಲ್ಲಗೆ ತಟ್ಟುತ್ತಾನೆ. ಬೈಯುವುದಿಲ್ಲ. ಹೊಟ್ಟೆ ಅದಕ್ಕೂ ಇದೆಯಲ್ಲ.

ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನು ಗಿಡ ಕಾಯುತ್ತ ಕುಳಿತ ಕಥೆ ದೊಡ್ಡದೇನಲ್ಲ. ಹರೆಯದಲ್ಲಿ ಮಂದೆಯ ಜೊತೆ ಘಟ್ಟದ ಕಡೆ ಹೋದಾಗ ಬಂಡೆಯಿಂದ ಜಾರಿ ಮಾಳಸಿದ್ದನ ಬಲಗಾಲಿನ ಹರಡು ಮುರಿಯಿತು. ಮಂದೆ ನಿಲ್ಲುವ ಹಾಗಿಲ್ಲ. ಅಣ್ಣ ಭರಮು ಅವನನ್ನು ಹೊತ್ತು ತಂದು, ಹಳೆಯ ಪ್ರವಾಸಿ ಬಂಗಲೆಯೊಂದರ ಮಾಲಿಯ ಗುಡಿಸಲಲ್ಲಿ ಬಿಟ್ಟು ಹೋದ. ಬಂಗಲೆಯ ಸುತ್ತ ಪೈನ್ ಮರಗಳು. ಗಾಳಿ ಬಂದರೆ ಸೂಜಿಯೆಲೆಗಳೆಲ್ಲ ಸೇರಿ ಹೊಳೆ ತುಂಬಿ ಹರಿದಂಥ ಸಪ್ಪಳ ಮಾಡುತ್ತಿದ್ದವು. ಮಲಗಿದಲ್ಲೇ ಅದನ್ನು ಕೇಳಿ ಕೇಳಿ ಮಾಳಸಿದ್ದನಿಗೆ ಅದೊಂದು ಗುಂಗಾಯಿತು. ಕಾಲು ಸೊಟ್ಟಗೇ ಕೂಡಿಕೊಂಡಿತು. ತಿರುಗಿ ಬರುವಾಗ ಮಾಲಿ ಎರಡು ಸಸಿ ಕೊಟ್ಟು, ಮರದ ಬುಡದ ಮಣ್ಣನ್ನು ಕಂಬಳಿಯ ಸೆರಗಿಗೆ ಕಟ್ಟಿದ. "ಸಸಿ ಹೋದ್ರ ಮತ್ತ ಸಿಗತಾವ, ಈ ಮಣ್ಣ ಚೆಲ್ಲಬ್ಯಾಡ," ಎಂದನಂತೆ.

ಆ ಮಾತಿನ ಅರ್ಥ ತಿಳಿಯಲು ವರ್ಷಗಳು ಹಿಡಿದವು. ಪೈನ್ ಸಸಿಗೆ ಎಷ್ಟು ಗೊಬ್ಬರ ಸುರಿದರೂ ತನ್ನ ಕುಲದ ಮರದ ಬುಡದ ಮಣ್ಣು ತಾಗದಿದ್ದರೆ ಹಳದಿಗೆ ತಿರುಗಿ ನಿಂತಲ್ಲೇ ನಿಲ್ಲುತ್ತದೆ. ಆ ಮಣ್ಣಿನಲ್ಲಿ ಬಿಳಿ ನೂಲಿನಂಥ ಬೂಷ್ಟು ಇರುತ್ತದೆ. ಬೇರಿಗೆ ಉಣಿಸುವುದು ಅದೇ. "ಹಾಲಿಗೆ ಹೆಪ್ಪ ಹಾಕಿದಂಗ್ರಿ. ಒಂದ ಚಿಟಿಕಿ ಸಾಕು. ಆದ್ರ ಹೆಪ್ಪ ಇಲ್ಲದ ಮೊಸರ ಆಗೂದಿಲ್ಲ ನೋಡ್ರಿ." ಪ್ರತಿ ಹಂಗಾಮಿಗೆ ಮರದ ಬುಡದಿಂದ ಮೊದಲ ಬೊಗಸೆ ಮಣ್ಣು ತೆಗೆಯುವಾಗ ಮಾಳಸಿದ್ದ ಚಪ್ಪಲಿ ಬಿಟ್ಟು, ಬೊಡ್ಡೆಗೆ ಭಂಡಾರ ಹಚ್ಚಿ, ಹಣೆ ಮುಟ್ಟಿಸುತ್ತಾನೆ.

ಪೈನ್ ಬೇಕೆಂದು ಬರುವವರಿಗೆಲ್ಲ ಬೇಕಾದುದು ಪೈನ್ ಆಗಿರುವುದಿಲ್ಲ. ಎಂಬತ್ತರ ದಶಕದಲ್ಲಿ ಕಬ್ಬು, ದ್ರಾಕ್ಷಿ ಕೈಹಿಡಿದು ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆ ಆರ್‌ಸಿಸಿ ಬಂಗಲೆಗಳು ಎದ್ದವು. ಎಲ್ಲರಿಗೂ ಮನೆಯ ಮುಂದೊಂದು ಕೈತೋಟ ಬೇಕು. ಕೆಲವರ ಮನಸ್ಸಿನಲ್ಲಿರುವುದು ಗೋಪುರದಂತೆ ಮಜಲು ಮಜಲಾಗಿ ಏರುವ ಕ್ರಿಸ್‌ಮಸ್ ಗಿಡ. ಕೆಲವರಿಗೆ ಗೇಟಿನ ಎರಡೂ ಮಗ್ಗುಲಿಗೆ ಬೀಸಣಿಗೆಯಂಥ ಎಲೆಯ ಮೋರಪಂಖಿ ಗಿಡ. ಇನ್ನು ಕೆಲವರು ಬದುವಿನ ಸುರು ಗಿಡವನ್ನೇ, ಅಂದರೆ ಗಾಳಿಮರವನ್ನೇ, ಪೈನ್ ಎಂದು ನಂಬಿರುತ್ತಾರೆ. ಮಾಳಸಿದ್ದ ಯಾರನ್ನೂ ತಿದ್ದಲು ಹೋಗುವುದಿಲ್ಲ. "ಗಿಡದ ಹೆಸರ ಆಮ್ಯಾಲ ಹೇಳ್ರಿ. ಮೊದಲ ನಿಮ್ಮ ಮಣ್ಣ ತೋರಸ್ರಿ," ಎನ್ನುವುದೊಂದೇ ಅವನ ಕಟ್ಟಳೆ.

ಹೀಗಾಗಿ ಅವನಲ್ಲಿಗೆ ಬರುವವರು ಮಣ್ಣು ಕಟ್ಟಿಕೊಂಡೇ ಬರುತ್ತಾರೆ. ಸದಲಗಾದ ಗೌಳಿಯೊಬ್ಬರು ಡಬ್ಬಿಯಲ್ಲಿ ತಂದು ಮುಚ್ಚಳ ತೆಗೆದಾಗ, "ಹುಗ್ಗಿ ತಂದಿರಬೇಕಂತ ಖುಷಿ ಆಗಿದ್ದೆ ನೋಡ್ರಿ" ಎಂದು ಮಾಳಸಿದ್ದ ನಕ್ಕನಂತೆ. ಮಣ್ಣನ್ನು ನೆನೆಸಿ ಉಂಡೆ ಕಟ್ಟುತ್ತಾನೆ. ಉಂಡೆ ಒಣಗಿ ಕಲ್ಲಾದರೆ ಅದು ಎರೆ ಭೂಮಿ, ನೀರು ಹಿಡಿದಿಡುತ್ತದೆ, ಪೈನ್ ಬೇರು ಕೊಳೆಯುತ್ತದೆ. ಅಂಥವರಿಗೆ ಏರಿ ಮಾಡಿ ಮೋರಪಂಖಿ ಹಚ್ಚಲು ಹೇಳುತ್ತಾನೆ. ಬೆರಳೊತ್ತಿದರೆ ಪುಡಿಯಾಗುವ ಗರಸಿದ್ದರೆ ಮಾತ್ರ ಪೈನ್. ಸಸಿ ಆರಿಸುವುದು ಟಗರುಮರಿ ಆರಿಸಿದ ಹಾಗೆಯೇ. ಸರಸರ ಎತ್ತರಕ್ಕೆ ಹೋದದ್ದನ್ನು ಬದಿಗಿಟ್ಟು, ಗಿಡ್ಡಗೆ ದಪ್ಪ ಬೊಡ್ಡೆಯದನ್ನು ಕೊಡುತ್ತಾನೆ. "ಹೊಯ್ದಾಡೂ ಕಾಲಿನ ಮರಿ ಹಾದಿಗೆ ಬಾಳಂಗಿಲ್ರಿ."

ಮಾಲಿ ಕೊಟ್ಟ ಸಸಿಗಳೆರಡೂ ಜೋಡಿ ಮರಗಳಾಗಿ ಬೆಳೆದವು. ಆದರೆ 'ಇಲ್ಲ' ಎನ್ನುವ ಮಾತು ಮಾಳಸಿದ್ದನ ನಾಲಗೆಗೆ ಹೊರಳದು. ನಾಲ್ಕು ವರ್ಷದ ಹಿಂದೆ ಪಕ್ಕದ ದ್ರಾಕ್ಷಿ ತೋಟದ ರಾವಸಾಹೇಬರು, "ಹೊಸಾ ಮನಿ ಮುಂದ ಒಂದ ದೊಡ್ಡ ಗಿಡಾನ ಬೇಕೋ" ಎಂದರು. ಮಾಳಸಿದ್ದ ತಲೆಯಾಡಿಸಿದ. ಒಂದು ಮರದ ಸುತ್ತ ಕಂದಕ ತೋಡಿ, ಬೇರು ಸವರಿ, ಒಂದು ಮಳೆಗಾಲ ಕಾದು, ಗೋಣಿತಾಟು ಸುತ್ತಿ ಟ್ರ್ಯಾಕ್ಟರಿನ ಮೇಲೆ ಕಳಿಸಿದ. ಯಾರೂ ನಂಬಿರಲಿಲ್ಲ, ಮರ ಹಿಡಿದುಕೊಂಡಿತು. ರಾವಸಾಹೇಬರ ತಾಯಿ ಗಿರಿಜವ್ವ ಕೃಷ್ಣಾ ತೀರದಿಂದ ಸೊಸೆಯಾಗಿ ಬಂದವರು. ಈಗ ಕಣ್ಣು ಮಂಜು. ಗಾಳಿ ಬೀಸಿದಾಗ ಆ ಮರದ ಕೆಳಗೆ ಕುಳಿತು, "ನಮ್ಮ ಹೊಳಿ ಬಂತು" ಎನ್ನುತ್ತಿದ್ದರು.

ಮರುವರ್ಷದ ಅಕ್ಟೋಬರದಲ್ಲಿ ದ್ರಾಕ್ಷಿಯ ಚಾಟ್ನಿ, ಅಂದರೆ ಬಳ್ಳಿ ಸವರುವ ಗಡಿಬಿಡಿ. ಬಳ್ಳಿಯನ್ನು ಕತ್ತರಿಸಿದಷ್ಟೂ ಹುರುಪಿನಿಂದ ಚಿಗುರುತ್ತದೆಂಬುದು ಈ ಭಾಗದ ಮಕ್ಕಳಿಗೂ ಗೊತ್ತು. ಪೈನೂ ಇನ್ನಷ್ಟು ತುಂಬಿಕೊಳ್ಳಲಿ ಎಂದು, ರಾವಸಾಹೇಬರು ಕತ್ತರಿಯ ಆಳುಗಳನ್ನು ಮನೆಯಂಗಳಕ್ಕೂ ಕರೆದರು. ತುದಿ ಕತ್ತರಿಸಿದರು. ರೆಂಬೆಗಳನ್ನು ಬರಿ ಕಟ್ಟಿಗೆಯವರೆಗೂ ಇಳಿಸಿದರು. ಚಿಗುರಿನ ಕಣ್ಣು ಒಡೆಯಲೆಂದು ಬಳ್ಳಿಗೆ ಹಚ್ಚುವ ಪೇಸ್ಟನ್ನೇ ಹಚ್ಚಿ ಚಿಗುರಿಗೆ ಕಾದರು. ಪೈನ್ ಬರಿಗಟ್ಟಿಗೆಯಿಂದ ಚಿಗುರುವುದಿಲ್ಲ. ಸಂಕ್ರಮಣದ ಹೊತ್ತಿಗೆ ಮರ ಒಣಗಿತ್ತು. ರಾವಸಾಹೇಬರು ತಾವೇ ಬಂದು, "ಛಲೋ ಆಗಲೆಂತ ಮಾಡಿದ್ನೋ ಮಾಳಸಿದ್ದಾ" ಎಂದು ತಲೆ ತಗ್ಗಿಸಿದಾಗ ಮಾಳಸಿದ್ದನೇ ಅವರಿಗೆ ನೀರು ಕೊಟ್ಟು ಸಮಾಧಾನ ಹೇಳಿದ.

ಅಂದಿನಿಂದ ಉಳಿದ ಮರ ಒಂಟಿ. ಕಾಯಿಯೇನೋ ಬಿಡುತ್ತದೆ. ಬೀಜಗಳನ್ನು ನೀರಿಗೆ ಹಾಕಿದರೆ ಬಹಳಷ್ಟು ತೇಲುತ್ತವೆ. "ಜೋಡಿ ಇದ್ದಾಗ ಮುಳುಗತಿದ್ವು. ಈಗ ಪೊಳ್ಳ ಜಾಸ್ತಿ." ಮುಳುಗುವ ಬೆರಳೆಣಿಕೆಯ ಬೀಜಗಳೇ ಈಗ ಮಡಿಯಲ್ಲಿ ಕುಲಾವಿ ಹಾಕಿಕೊಂಡು ನಿಂತಿರುವುದು. ಅವುಗಳಿಗೆ ಹೆಪ್ಪಿನ ಮಣ್ಣು ಸಿಗುವುದೂ ಈ ಒಂದೇ ಮರದ ಬುಡದಲ್ಲಿ.

ಮಾಳಸಿದ್ದನೂ ಒಂಟಿಯೇ. ಮದುವೆಯ ಮಾತು ಬಂದಾಗಲೆಲ್ಲ ಅವನ ಕಾಲು ನೋಡಿ ಹೋದವರು ತಿರುಗಿ ಬರಲಿಲ್ಲ. ದೀಪಾವಳಿ ಮುಗಿದರೆ ಅಣ್ಣನ ಸಂಸಾರ ಮಂದೆಯ ಹಿಂದೆ ಹೊರಡುತ್ತದೆ. ಮೊದಲ ಮಳೆಗೇ ಮರಳುವುದು. ನಡುವಿನ ತಿಂಗಳುಗಳಲ್ಲಿ ಗಿರಾಕಿ ಬಂದರೆ ಮಾತು, ಇಲ್ಲದಿದ್ದರೆ ಇಲ್ಲ. ಸಂಜೆ ಮರದ ಕೆಳಗೆ ಕುಳಿತು ಡೊಳ್ಳಿನ ಪದ ಎತ್ತುತ್ತಾನೆ. ಅದು ಒಬ್ಬರೇ ಹಾಡುವ ಪದವಲ್ಲ. ಮುಂದಿನವನು ಒಂದು ಸೊಲ್ಲು ಅಂದರೆ ಹಿಂದಿನವರು ಅದನ್ನೇ ಎತ್ತಿಕೊಡಬೇಕು. ಮಾಳಸಿದ್ದ ಒಂದು ಸೊಲ್ಲು ಹಾಡಿ, ಹಿಮ್ಮೇಳಕ್ಕೆ ಬೇಕಾದಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮುಂದಿನದು ಹಾಡುತ್ತಾನೆ. ಗಾಳಿಯಿದ್ದ ದಿನ ಮರ ಎತ್ತಿಕೊಡುತ್ತದೆ.

ತೊಂಬತ್ತೈದರ ಈ ದೀಪಾವಳಿ ಮುಗಿದಿದೆ. ಅಣ್ಣನ ಹೆಂಡತಿ ರುಕ್ಮವ್ವ ಗಂಟು ಕಟ್ಟಿಟ್ಟು, ಹೊರಡುವ ಮೊದಲು ಮೈದುನನಿಗೆ ರೊಟ್ಟಿ ತಂದಿದ್ದಾಳೆ.

"ಗಿಡದ ಕೂಡ ಮಾತಾಡಿ ಮಾತಾಡಿ ನಿನಗೂ ಸೂಜಿ ಮೂಡ್ಯಾವ ನೋಡು. ಗಡ್ಡಾರ ತಗಸೋ ಮಾಳೂ."

"ಇರಲಿ ಬಿಡ ವೈನಿ, ಗುಬ್ಬಿ ಅಂಜತಾವ."

ಅಷ್ಟರಲ್ಲಿ ಬೇಲಿಯಾಚೆ ರಾವಸಾಹೇಬರ ಬುಲೆಟ್ ನಿಲ್ಲುತ್ತದೆ. ಕೈಯಲ್ಲಿ ಮಣ್ಣಿನ ಗಂಟಿಲ್ಲ. ಅವರು ಸೀದಾ ಮರದ ಬುಡಕ್ಕೆ ಬಂದು ಚಪ್ಪಲಿ ಬಿಡುತ್ತಾರೆ.

"ಮಾಳಸಿದ್ದಾ, ನಮ್ಮವ್ವ ಊಟಾ ಬಿಟ್ಟಾಳೋ. 'ಹೊಳಿ ಯಾಕ ಬತ್ತೇತಿ' ಅಂತ ದಿನಾ ಕೇಳ್ತಾಳ. ಏನ ಹೇಳ್ಲಿ? ಈ ಗಿಡಾ ಕೊಡು. ಸುತ್ತ ತಂತಿಬೇಲಿ ಹಾಕಸ್ತೀನಿ, ಕತ್ರಿ ಹಿಡದಾಂವನ್ನ ಅಂಗಳಕ್ಕ ಬಿಡೂದಿಲ್ಲ. ಅವ್ವನ ಆಣಿ."

ಮಾಳಸಿದ್ದ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಡುತ್ತಾನೆ.

"ನೀನೂ ಅಲ್ಲೇ ಬಂದ ಇರು. ಒಂದ ಖೋಲಿ ಕೊಡ್ತೀನಿ. ಗಿಡಾ ನಿನ್ನ ಕಣ್ಣ ಮುಂದ ಇರತೈತಿ. ನಾಕ ಮಂದಿ ನಡಬರಕ ಉಣ್ತಿ, ಮಲಗತಿ. ಇಲ್ಲಿ ಯಾರ ಅದಾರ ನಿನಗ?"

ರುಕ್ಮವ್ವನ ಕಣ್ಣುಗಳು ತುಂಬುತ್ತವೆ. "ಹೋಗೋ ಮಾಳೂ. ಮನಷ್ಯಾರ ಮಾರಿ ಕಾಣ್ತಿ. ನಾವೂ ಅಲ್ಲಿ ನಿಶ್ಚಿಂತ ಇರ್ತೀವಿ. ನಿನ್ನ ಬಾಯಾಗ 'ಇಲ್ಲ' ಯಾವಾಗ ಬಂದೈತಿ?"

ದೂರದಲ್ಲಿ ಭರಮು ಮಂದೆ ಎಬ್ಬಿಸುವ ಕೂಗು ಕೇಳುತ್ತದೆ. ಆಚೆ ತೋಟಗಳಲ್ಲಿ ಚಾಟ್ನಿಯ ಕತ್ತರಿಗಳು ಚಟಚಟ ಎನ್ನುತ್ತಿವೆ. ಮಾಳಸಿದ್ದ ಮಡಿಯ ಕಡೆ ನೋಡುತ್ತಾನೆ. ಅಂಚಿನ ಸಸಿಯೊಂದರ ಕುಲಾವಿ ಯಾವಾಗಲೋ ಜಾರಿ ಬಿದ್ದು, ಎಳೆಯ ಸೂಜಿಗಳು ಕೊಡೆಯಂತೆ ಬಿಚ್ಚಿಕೊಂಡಿವೆ. ಹೊದ್ದ ಕಂಬಳಿ ತೆಗೆದು, ಕೊಡವಿ, ಅವನು ಮರದ ಬುಡದಲ್ಲಿ ನೆರಿಗೆಯಿಲ್ಲದಂತೆ ಹಾಸುತ್ತಾನೆ.

"ಅವ್ವನ್ನ ದಿನಾ ಕರಕೊಂಡ ಬರ್ರಿ ಸಾವ್ಕಾರ್ರ. ಇಲ್ಲಿ ಕುಂದರ್ಲಿ, ಹೊಳಿ ಕೇಳ್ಲಿ. ನಾ ಇರ್ತೀನಿ," ಎನ್ನುತ್ತಾನೆ. ಆಮೇಲೆ ರಾವಸಾಹೇಬರ ಮುಖವನ್ನೇ ನೋಡಿ, "ಗಿಡಾ ಮಾತ್ರ ಇಲ್ಲ್ರಿ. ನಾ ಕೊಡೂದಿಲ್ಲ."