ಮೊಣಕಾಲೆತ್ತರಕ್ಕೆ ಕಡಿದ ಮದರಂಗಿ ಬೇಲಿ

ಶಿಗ್ಗಾಂವಿಯ ಈ ಮನೆಗೆ ಮದುವೆಯಾಗಿ ಬಂದಾಗ ನನಗೆ ಮೂವತ್ತಾರು ವರ್ಷ. ಅದಕ್ಕೂ ಮೊದಲು ಹಂಸಭಾವಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿಕೊಂಡಿದ್ದೆ. ನನ್ನ ಗಂಡ ಲೈನ್‌ಮನ್. ಅವರಿಗೆ ಇದು ಎರಡನೆಯ ಮದುವೆ. ಮೊದಲ ಹೆಂಡತಿ ಕಾಯಿಲೆಯಾಗಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಹನ್ನೊಂದು ವರ್ಷದ ಮಗಳಿದ್ದಳು.

ಹುಡುಗಿ ಹಟಮಾರಿಯಲ್ಲ, ಎದುರು ಮಾತನಾಡುವವಳೂ ಅಲ್ಲ. ಆದರೆ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. "ಊಟ ಆತ್ರಿ", "ಸಾಲಿಗೆ ಹೊಂಟೇನ್ರಿ" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಹೋಗುತ್ತಿದ್ದಳು. ನಮ್ಮ ಕಡೆ ಮಕ್ಕಳು ಹೆತ್ತವ್ವನಿಗೆ 'ರಿ' ಹಚ್ಚುವುದಿಲ್ಲ. ಶಾಲೆಯ ಅಕ್ಕೋರಿಗೆ, ಬಂದ ಬೀಗರಿಗೆ ಹಚ್ಚುತ್ತಾರೆ. ಆ ಒಂದು ಅಕ್ಷರ ಎಷ್ಟು ದೂರ ಎಂಬುದು ನನಗೆ ಗೊತ್ತಾದದ್ದು ಆಗ.

ಮನೆಯ ಎಡಬದಿಗೆ, ನಮ್ಮ ಅಂಗಳಕ್ಕೂ ಪಕ್ಕದ ಮನೆಯ ಅಂಗಳಕ್ಕೂ ನಡುವೆ, ಉದ್ದಕ್ಕೆ ಒಂದು ಮದರಂಗಿ ಬೇಲಿ ಇತ್ತು. ಆಳೆತ್ತರ ಬೆಳೆದು ಎತ್ತೆತ್ತಲೋ ಚಾಚಿಕೊಂಡಿತ್ತು. ಬೇಸಿಗೆಯ ಸಂಜೆ ಅದು ಹೂ ಬಿಟ್ಟರೆ ಒಳಗೆ ಅಡುಗೆಮನೆಯವರೆಗೂ ವಾಸನೆ ಬರುತ್ತಿತ್ತು. ಹುಡುಗಿ ಅದರ ಬುಡದಲ್ಲಿ ಒಂದು ಗೋಣಿತಾಟು ಹಾಸಿಕೊಂಡು ಓದುತ್ತಿದ್ದಳು. ಪಕ್ಕದ ಮನೆಯವರು ಬಂಕಾಪುರದಿಂದ ಬಂದು ನೆಲೆಸಿದ ಬಟ್ಟೆ ವ್ಯಾಪಾರದವರು. ಆ ಮನೆಯ ಹಿರಿಯಳನ್ನು ಓಣಿಯೆಲ್ಲ ಚಾಚಿ ಎನ್ನುತ್ತಿತ್ತು. ಬೇಲಿಯ ಕತೆ ನನಗೆ ಹೇಳಿದವಳು ಆಕೆಯೇ.

"ಈ ಹುಡಿಗಿ ಅವ್ವ ಹಚ್ಚಿದ್ದರಿ ಇದು. ಸವಣೂರಾಗಿನ ತವರಮನಿಯಿಂದ ಕಡ್ಡಿ ತಂದಿದ್ಲು. ಬಸರಿದ್ಲು ಆಗ. ಬ್ಯಾಡ ಬ್ಯಾಡ ಅಂದ್ರೂ ಕೇಳದ ಕುಂತು ಕುಂತ ಹಚ್ಚಿದ್ಲು."

ಅದನ್ನು ಕೇಳಿದ ಮೇಲೆ ಬೇಲಿಯನ್ನು ಚೆಂದಗೆ ಇಟ್ಟುಕೊಳ್ಳಬೇಕು ಎಂದುಕೊಂಡೆ. ಹುಡುಗಿಗೆ ಬಾಯಿ ಬಿಟ್ಟು ಹೇಳಲಾಗದ್ದನ್ನು ಕೈಯಿಂದ ಮಾಡಿ ತೋರಿಸೋಣ ಎಂಬ ಆಸೆ. ಕೆಟ್ಟದ್ದೂ ಅಲ್ಲಿಂದಲೇ.

ಮಳೆಗಾಲದ ಮೊದಲಿಗೆ ತಡಸದ ಕಡೆಯ ರೈತರೊಬ್ಬರಿಂದ ಒಂದು ಟ್ರ್ಯಾಕ್ಟರ್ ತಿಪ್ಪೆಗೊಬ್ಬರ ಹಾಕಿಸಿದೆ. ಪೂರ್ತಿ ಕಳಿತಿತ್ತೋ ಇಲ್ಲವೋ ನೋಡಲಿಲ್ಲ. ಗಿಡಗಳ ಕಾಂಡ ಮುಚ್ಚುವ ಹಾಗೆ ಏರಿಸಿ ಏರಿಸಿ ಒಟ್ಟಿದೆ. ಬುಡದಲ್ಲಿದ್ದ ಒಣ ಎಲೆಗಳನ್ನು ಕಸ ಎಂದು ಗುಡಿಸಿ ಸುಟ್ಟೆ. ದೊಡ್ಡ ಕತ್ತರಿ ತಂದು ಹದಿನೈದು ದಿನಕ್ಕೊಮ್ಮೆ ಬೇಲಿಯ ತಲೆಯನ್ನು ನೆಟ್ಟಗೆ, ಲಂಗದ ಅಂಚು ಕತ್ತರಿಸಿದ ಹಾಗೆ, ಕತ್ತರಿಸತೊಡಗಿದೆ. ರಸ್ತೆಯಲ್ಲಿ ಹೋಗುವವರು "ಭಾರಿ ಚಂದ ಮಾಡೀರಿ" ಎಂದರೆ ನನಗೂ ಹಿಗ್ಗು.

ಮಳೆಗಾಲ ಮುಗಿಯುವ ಹೊತ್ತಿಗೆ ಬೇಲಿಯ ಒಂದು ಮೂಲೆಯಲ್ಲಿ ಹಳದಿ ಎಳೆಗಳು ಕಾಣಿಸಿದವು. ಎಲೆಯಿಲ್ಲ, ನೆಲದಲ್ಲಿ ಬೇರಿಲ್ಲ. ಶಾವಿಗೆಯನ್ನು ಒಣಹಾಕಿದ ಹಾಗೆ ರೆಂಬೆಗಳ ಮೇಲೆ ಇಳಿಬಿದ್ದಿದ್ದವು. ಮೊದಲು ನನಗೆ ಅದೂ ಚೆಂದವೆನಿಸಿತ್ತು. ಆಮೇಲೆ ಅದು ಹೆಣೆದುಕೊಂಡಲ್ಲಿ ಮದರಂಗಿಯ ಎಲೆ ಬಿಳಿಚುವುದನ್ನು ನೋಡಿ ಕೈಯಿಂದ ಹರಿದು ಹರಿದು ತೆಗೆದೆ. ತೆಗೆದದ್ದನ್ನು ಅಲ್ಲೇ ಬುಡಕ್ಕೆ ಒಗೆದೆ. ಒಣಗಿ ಗೊಬ್ಬರವಾದೀತು ಎಂದು. ಹದಿನೈದು ದಿನಕ್ಕೆ ಎರಡು ಪಟ್ಟು ಬಂತು. ಮತ್ತೆ ಹರಿದೆ, ಮತ್ತೆ ಒಗೆದೆ. ಶಿವರಾತ್ರಿಯ ಹೊತ್ತಿಗೆ ಬೇಲಿಯೆಲ್ಲ ಹಳದಿ ಬಲೆ ಹೊದ್ದಂತಿತ್ತು. ಕೆಳಗೆ ಬೆತ್ತಲೆ ಕಾಂಡ, ಮೇಲೆ ಒಣ ಕಡ್ಡಿ. ಆ ಬೇಸಿಗೆ ಹೂವೇ ಇಲ್ಲ.

ಒಂದು ಸಂಜೆ ಹುಡುಗಿ ಗೋಣಿತಾಟನ್ನು ಸುತ್ತಿಕೊಂಡು ಒಳಗೆ ಬಂದಳು. ನಾನು ಹೊಲಿಗೆ ಯಂತ್ರದ ಮುಂದಿದ್ದೆ. ಬಾಗಿಲಲ್ಲಿ ನಿಂತು, ಸಿಟ್ಟಿಲ್ಲದೆ, ಕಣ್ಣೀರೂ ಇಲ್ಲದೆ ಹೇಳಿದಳು:

"ನೀವು ಬಂದ ಮ್ಯಾಲ ಹಿಂಗಾತ್ರಿ."

ಆಕೆ ಹೇಳಿದ್ದು ಬೇಲಿಯ ಮಾತು ಮಾತ್ರ. ಆದರೂ ನನ್ನ ಕಾಲು ಪೆಡಲಿನ ಮೇಲೇ ನಿಂತುಬಿಟ್ಟಿತು.

ಎರಡು ದಿನ ಯೋಚಿಸಿ ಗಂಡನಿಗೆ ಹೇಳಿದೆ, "ನಾ ಸವಣೂರಿಗೆ ಹೋಗಿ ಬರ್ತೇನ್ರಿ. ಆಕಿ ತವರಮನಿಗೆ."

ಅವರು ಉಣ್ಣುವುದನ್ನು ನಿಲ್ಲಿಸಿದರು. "ಅಲ್ಲಿಗ್ಯಾಕ?"

"ಆ ಕಡ್ಡಿ ಕೊಟ್ಟವರನ್ನ ಕೇಳಬೇಕು."

"ನಾ ಬರಲೇನು?"

"ಬ್ಯಾಡ್ರಿ. ನೀವು ಬಂದ್ರ ಮಾತು ಬ್ಯಾರೇ ಕಡೆ ಹೋಗ್ತಾವ."

ಹುಡುಗಿಯ ತಾಯಿಯ ತಾಯಿ, ಹುಡುಗಿ ಆಯಿ ಎಂದು ಕರೆಯುವವರು, ಸವಣೂರಿನಲ್ಲಿ ಮಗನ ಮನೆಯಲ್ಲಿದ್ದರು. ಹರೆಯದಿಂದ ವೀಳ್ಯದೆಲೆಯ ತೋಟಗಳಲ್ಲಿ ದುಡಿದವರು. ನನ್ನ ಮದುವೆಯಾದ ಮೇಲೆ ಅವರು ನಮ್ಮ ಮನೆಗೆ ಬಂದಿರಲಿಲ್ಲ. ರಜೆಯಲ್ಲಿ ಹುಡುಗಿಯೇ ಅಲ್ಲಿಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಕುಳಿತು ಏನು ಮಾತನಾಡಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಅವರ ಬಾಗಿಲಿಗೆ ಹೋದಾಗ ಒಂದೂ ನೆನಪಿಗೆ ಬರಲಿಲ್ಲ. ಪಡಸಾಲೆಯಲ್ಲಿ ಒದ್ದೆ ಚೀಲ ಹಾಸಿಕೊಂಡು ಎಲೆ ಆರಿಸಿ ಕಟ್ಟು ಕಟ್ಟುತ್ತಿದ್ದ ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮದುವೆಯ ಫೋಟೋ ನೋಡಿದ್ದರೇನೋ, ಗುರುತು ಹಿಡಿದರು ಎಂದು ಗೊತ್ತಾಯಿತು.

"ಹುಡಿಗಿ ಆರಾಮ ಅದಾಳಿಲ್ಲ?" ಗಾಬರಿಯಿಂದ ಕೇಳಿದರು.

"ಆರಾಮ ಅದಾಳ್ರಿ ಅವ್ವಾರ. ಬೇಲಿ ಸಾಯಾಕತ್ತೈತಿ."

ಚೀಲದಲ್ಲಿ ತಂದಿದ್ದ ರೆಂಬೆಯನ್ನು ತೆಗೆದು ಅವರ ಮುಂದಿಟ್ಟೆ. ಹಳದಿ ಎಳೆಗಳು ಇನ್ನೂ ಅದಕ್ಕೆ ಬಿಗಿಯಾಗಿ ಸುತ್ತಿಕೊಂಡಿದ್ದವು. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದನ್ನ ಹರದು ಅಲ್ಲೇ ಒಗದಾರೇನು ಯಾರರ?"

ಸುಳ್ಳು ಹೇಳಬಹುದಿತ್ತು. "ನಾನ ಒಗದೇನ್ರಿ," ಎಂದೆ. "ಗೊಬ್ಬರಾನೂ ನಾನ ಹಾಕಿಸೇನಿ. ಚಂದ ಮಾಡಬೇಕಂತ ಎಲ್ಲಾ ನಾನ ಮಾಡಿದ್ನಿ." ಹೇಳುತ್ತ ಹೇಳುತ್ತ ಅಳು ಬಂದುಬಿಟ್ಟಿತು. ಪರರ ಮನೆಯ ಪಡಸಾಲೆಯಲ್ಲಿ, ಯಾರ ಜಾಗಕ್ಕೆ ನಾನು ಬಂದಿದ್ದೆನೋ ಅವಳ ತಾಯಿಯ ಎದುರು ಕುಳಿತು, ಸೆರಗು ಬಾಯಿಗಿಟ್ಟು ಅತ್ತೆ.

ಅವರು ಎಲೆಯ ಕಟ್ಟೊಂದನ್ನು ಕಟ್ಟಿ ಮುಗಿಸಿದರು. ಆಮೇಲೆ ನೀರಿನ ತಂಬಿಗೆ ನನ್ನ ಕಡೆ ಸರಿಸಿದರು.

"ಇದರ ಒಂದೊಂದು ತುಂಡಿಗೂ ಜೀವ ಇರತೈತಿ ತಂಗಿ. ಬಿದ್ದಲ್ಲೇ ಮತ್ತ ಹಬ್ಬತೈತಿ. ಬೀಜ ಗೊಬ್ಬರದಾಗ ಬಂದಿರಬೇಕು. ನಿನಗ ಹೆಂಗ ಗೊತ್ತಾಗಬೇಕು? ಒಂದ ಮಳಿ ಆಗ್ಲಿ. ಬರ್ತೇನಿ ನಾ."

"ನೀವು ಬರ್ತೀರೇನ್ರಿ?"

"ಕರದರ ಬರಬೇಕಂತಿದ್ನಿ. ಯಾರೂ ಕರೀಲಿಲ್ಲ."

ರೋಹಿಣಿ ಮಳೆ ಎರಡು ಬಾರಿ ಚೆನ್ನಾಗಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಆಯಿ ಬಂದರು. ಕೈಚೀಲದಲ್ಲಿ ಕುಡಗೋಲು, ಕಳೆ ಕೀಳುವ ಕುರ್ಪಿ, ನನಗೊಂದು ಕಟ್ಟು ಎಲೆ. ಚಹಾ ಕುಡಿದವರೇ ಸೆರಗು ಸಿಕ್ಕಿಸಿ ಬೇಲಿಯ ಹತ್ತಿರ ಕುಳಿತು, ಮೊದಲ ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದರು. ಆ ಸದ್ದಿಗೆ ಹುಡುಗಿ ಹೊರಗೆ ಓಡಿ ಬಂದಳು.

"ಆಯೀ, ಬ್ಯಾಡ! ಅವ್ವನ ಗಿಡ ಅದು!"

ಕುಡಗೋಲು ಹಿಡಿದ ಕೈಯನ್ನೇ ಹಿಡಿದುಕೊಂಡಳು. ನಾನು ಮುಂದೆ ಹೋಗಲಾರದೆ ನಿಂತೆ. ಆಯಿ ಕುಡಗೋಲು ಕೆಳಗಿಟ್ಟು, ಮೊಮ್ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಕಡಿದ ಮೋಟಿನ ತೊಗಟೆಯನ್ನು ಉಗುರಿನಿಂದ ಕೆರೆದು ತೋರಿಸಿದರು. ಒಳಗೆ ಹಸಿರಿತ್ತು.

"ನೋಡಿಲ್ಲಿ. ಜೀವ ತೆಳಗ ಐತಿ. ಮ್ಯಾಲಿಂದೆಲ್ಲ ಆ ಬಳ್ಳಿ ತಿಂದೈತಿ. ಅದನ್ನ ಹಂಗ ಬಿಟ್ರ ತೆಳಗಿಂದೂ ತಿನ್ನತೈತಿ. ಈಗ ನೀ ಒಂದೊಂದ ಗಿಡ ಕೆರದು ನೋಡು. ಹಸರ ಇದ್ದದ್ದು ಯಾವುದು, ಒಣಗಿದ್ದು ಯಾವುದು, ನನಗ ಹೇಳು."

ಹುಡುಗಿ ಮೂಗೊರೆಸಿಕೊಂಡು ಸಾಲಿನುದ್ದಕ್ಕೂ ಕೆರೆಯುತ್ತ ಹೋದಳು. ನಾನು ಒಳಗಿನಿಂದ ಹೊಲಿಗೆಯ ಚಿಂದಿ ಬಟ್ಟೆ ತಂದು ಕೊಟ್ಟೆ. ಹಸಿರಿದ್ದ ಬುಡಕ್ಕೆಲ್ಲ ಒಂದೊಂದು ಚಿಂದಿ ಕಟ್ಟಿದಳು. ಮೂರು ಗಿಡಗಳಿಗೆ ಮಾತ್ರ ಕಟ್ಟಲಿಲ್ಲ. ಕೆರೆದಷ್ಟೂ ಕಂದು ಬಣ್ಣವೇ ಕಂಡಿತು. ಹುಡುಗಿ ಮತ್ತೊಂದು ಕಡೆ, ಇನ್ನೊಂದು ಕಡೆ ಕೆರೆದಳು, ಕೊನೆಗೆ ತಾನೇ ಎದ್ದಳು.

ಆಯಿ ಆಕೆಯ ಹಿಂದೆಯೇ ಉಳಿದ ಗಿಡಗಳನ್ನೂ ಕಡಿಯುತ್ತ ಬಂದರು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಕಡಿದದ್ದನ್ನೆಲ್ಲ, ಒಂದು ಎಳೆಯೂ ಉಳಿಯದ ಹಾಗೆ ಆರಿಸಿ, ಅಂಗಳದ ನಡುವೆ ಒಣಹುಲ್ಲು ಹಾಕಿ ಸುಟ್ಟೆವು. ಕಾಂಡಕ್ಕೆ ನಾನು ಒಟ್ಟಿದ್ದ ಗೊಬ್ಬರಮಣ್ಣನ್ನು ಕುರ್ಪಿಯಿಂದ ಬಿಡಿಸಿ ಸರಿಸಿ, ಬುಡಕ್ಕೆ ಗಾಳಿಯಾಡುವಂತೆ ಮಾಡಿದೆವು. ಸುತ್ತ ಒಣ ಎಲೆ ಹರಡಿದೆವು. "ಇದನ್ನ ಗುಡಿಸಬ್ಯಾಡ ತಂಗಿ," ಎಂದರು ಆಯಿ ನನಗೆ. "ಮುಂಜಾನೆ ಎದ್ದು ನೆಲ ನೋಡು. ಹಳದಿ ದಾರ ಒಂದ ಕಂಡ್ರೂ ಕಿತ್ತು ಒಲಿಗೆ ಹಾಕು."

ಬೇಲಿ ಇದ್ದಲ್ಲಿ ಬಣ್ಣಬಣ್ಣದ ಚಿಂದಿ ಕಟ್ಟಿದ ಮೋಟುಗಳ ಸಾಲು. ಚಾಚಿಯ ಮನೆಯವರೂ ನಾವೂ ಮರೆಯಿಲ್ಲದೆ ಒಬ್ಬರ ಅಂಗಳ ಒಬ್ಬರು ನೋಡುತ್ತ ಬದುಕಿದೆವು. ಒಂದು ವಾರ, ಎರಡು ವಾರ. ಏನೂ ಇಲ್ಲ. ನಾನು ನಸುಕಿನಲ್ಲಿ ಬಗ್ಗಿ ನೆಲ ನೋಡುವಾಗ ಹುಡುಗಿ ಕಿಟಕಿಯಿಂದ ನನ್ನನ್ನು ನೋಡುತ್ತಿದ್ದಳು. ಒಂದು ದಿನ ತಾನೂ ಬಂದು ಸಾಲಿನ ಆ ತುದಿಯಿಂದ ಬಗ್ಗಿದಳು. ಬೊಗಸೆಯಲ್ಲಿ ನಾಲ್ಕು ಹಳದಿ ಎಳೆ ತಂದು ನನ್ನ ಬೋಗುಣಿಗೆ ಹಾಕಿ ಹೋದಳು.

ಮೂರನೆಯ ವಾರ ಒಂದು ಮಧ್ಯಾಹ್ನ ಜೋರು ಮಳೆ ಹಿಡಿಯಿತು. ಭಾನುವಾರವಾದರೂ ಕಂಬ ಬಿದ್ದಿದೆ ಎಂದು ಗಂಡನಿಗೆ ಕರೆ ಬಂದು ಅವರು ಹೋಗಿದ್ದರು. ನಾನು ಹಿತ್ತಲಲ್ಲಿ ಒಣಹಾಕಿದ ಬಟ್ಟೆ ಎತ್ತುತ್ತಿದ್ದೆ. ಮುಂದಿನಿಂದ ಹುಡುಗಿಯ ಕೂಗು ಕೇಳಿತು.

"ಲಗೂನ ಬಾ! ಬುಡಕ್ಕ ನೀರ ನಿಂತೈತಿ! ಕುರ್ಪಿ ತಗೊಂಡ ಬಾ ಲಗೂನ!"

ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ರಸ್ತೆಯ ನೀರೆಲ್ಲ ಅಂಗಳಕ್ಕೆ ನುಗ್ಗಿ ಮೋಟುಗಳು ಅರ್ಧ ಮುಳುಗಿದ್ದವು. ನಾನು ಕುರ್ಪಿಯಿಂದ, ಆಕೆ ಒಡೆದ ಬಕೀಟಿನ ಚೂರಿನಿಂದ, ಗಟಾರದವರೆಗೆ ಕಾಲುವೆ ತೆಗೆದೆವು. ಆಕಡೆಯಿಂದ ಚಾಚಿಯೂ ಸಲಿಕೆ ಹಿಡಿದು ಇಳಿದಳು. ನೀರು ಹರಿದು ಹೋದಾಗ ಮೂವರೂ ಕೆಸರಿನ ಬೊಂಬೆಗಳು. ಹುಡುಗಿ ನನ್ನ ಮುಖ ನೋಡಿ ನಕ್ಕಳು. ನಗುತ್ತ ಬಗ್ಗಿದವಳು ಹಾಗೇ ನಿಂತಳು.

ಕೆಂಪು ಚಿಂದಿ ಕಟ್ಟಿದ್ದ ಮೋಟಿನ ಗಂಟಿನಲ್ಲಿ, ಅಕ್ಕಿಕಾಳಿನಷ್ಟು, ಒಂದು ಚಿಗುರು ಇತ್ತು.

'ಬಾ' ಎಂದು ಕರೆದದ್ದು ಆಕೆಗೆ ನೆನಪಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಮರುದಿನ ಮತ್ತೆ 'ರಿ' ಬಂತು. ಆದರೆ ಜೊತೆಗೆ ಒಂದು ಹೆಸರೂ ಬಂತು: "ಸಾಲಿಗೆ ಹೊಂಟೇನ್ರಿ, ಚಿಗವ್ವಾ." ಅವ್ವ ಎಂದು ಆಕೆ ನನ್ನನ್ನು ಎಂದೂ ಕರೆದಿಲ್ಲ. ಆ ಶಬ್ದಕ್ಕೆ ಬೇರೊಬ್ಬಳು ಇದ್ದಾಳೆ. ಚಿಗವ್ವ, ಅಂದರೆ ಚಿಕ್ಕಮ್ಮ, ಎಂಬುದು ನನ್ನದು, ನನಗೆ ಅದು ಸಾಕು.

ಒಣಗಿದ ಮೂರು ಗಿಡ ಮರಳಲಿಲ್ಲ. ಆ ಜಾಗಕ್ಕೆ ಆಯಿ ಸವಣೂರಿನಿಂದ ಹೊಸ ಕಡ್ಡಿ ತಂದರು. ಎರಡು ಬೇರು ಬಿಟ್ಟವು, ಮೂರನೆಯ ಕಡೆ ಈಗಲೂ ಖಾಲಿ. ಉಳಿದ ಬೇಲಿ ಎರಡು ವರ್ಷದಲ್ಲಿ ನನ್ನ ಎದೆಯವರೆಗೆ ಬಂದಿದೆ, ಬುಡದಿಂದಲೇ ಒತ್ತಾಗಿ. ಕಳೆದ ರಂಜಾನಿಗೆ ಹುಡುಗಿ ಒಂದು ಬುಟ್ಟಿ ಎಲೆ ಕಿತ್ತು ಚಾಚಿಯ ಮನೆಗೆ ಕೊಟ್ಟು, ಅರ್ಧ ದಿನ ಅಲ್ಲೇ ಕುಳಿತು, ಎರಡೂ ಕೈ ಮೊಣಕೈವರೆಗೆ ಕೆಂಪು ಮಾಡಿಕೊಂಡು ಬಂದಳು. ಊಟಕ್ಕೆ ನಾನೇ ತುತ್ತು ಕೊಡಬೇಕಾಯಿತು.

ಆಯಿ ಈಗ ತಿಂಗಳಿಗೊಮ್ಮೆ ಬಂದು ಎರಡು ದಿನ ಇರುತ್ತಾರೆ. ಸಂಜೆ ಬೇಲಿಯ ಹತ್ತಿರ ಕುಳಿತಾಗ ಮಗಳ ಸುದ್ದಿ ತೆಗೆಯುತ್ತಾರೆ. ಮೊದಮೊದಲು ನನ್ನ ಮುಖ ನೋಡಿ ನಿಲ್ಲಿಸುತ್ತಿದ್ದರು. ಹೇಳ್ರಿ ಎಂದು ನಾನೇ ಕೇಳತೊಡಗಿದೆ. ಆಕೆಗೆ ಹಲ್ಲಿ ಕಂಡರೆ ಹೆದರಿಕೆಯಂತೆ. ರೊಟ್ಟಿ ಬಡಿದರೆ ಒಂದೂ ದುಂಡಗೆ ಬರುತ್ತಿರಲಿಲ್ಲವಂತೆ. ಬಸ್ಸಿನಲ್ಲಿ ಕಿಟಕಿಯ ಸೀಟಿಗಾಗಿ ಗಂಡನೊಡನೆ ಜಗಳವಾಡುತ್ತಿದ್ದಳಂತೆ. ನನ್ನ ಗಂಡ ಈ ಮಾತು ಕೇಳಿ ಒಳಗಿನಿಂದ "ಖರೇ ಐತಿ" ಎಂದು ಕೂಗಿದರು.

ಹೋದ ವಾರ ಹೀಗೇ ಕುಳಿತಿದ್ದಾಗ ಹುಡುಗಿ ಪುಸ್ತಕ ಮುಚ್ಚಿ ನನ್ನ ಪಕ್ಕಕ್ಕೆ ಸರಿದು ಕುಳಿತಳು.

"ಮತ್ತ, ಆಯಿ?" ಎಂದಳು.

ಆಯಿ ಎಲೆಗೆ ಸುಣ್ಣ ಹಚ್ಚಿಕೊಂಡು ಮುಂದಿನದನ್ನು ಹೇಳತೊಡಗಿದರು.