ಯಹೂದಿಯ ದನಿ

ಪುಸ್ತಕ ಓದುವಾಗ ಪಾತ್ರಕ್ಕೊಂದು ದನಿ ತೆಗೆಯುವ ಚಟ ನನಗಿದೆ. ಬೀಡಿ, ಇಸ್ಪೀಟು ಇಲ್ಲದ ಬಡ ಮಾಸ್ತರನಿಗೆ ಅಷ್ಟಾದರೂ ಬೇಡವೇ? ಎಪ್ಪತ್ತರ ದಶಕದಲ್ಲಿ ನಮ್ಮ ಬಮ್ಮಿಗಟ್ಟಿಯ ವಾಚನಾಲಯದಲ್ಲಿ ಗುರುವಾರ ಸಂಜೆ ಹತ್ತು ಹನ್ನೆರಡು ಮಂದಿ ಕೂಡುತ್ತಿದ್ದೆವು. ನಾನು ಓದುವುದು, ಉಳಿದವರು ಎಲೆ ಅಡಿಕೆ ಹಾಕಿಕೊಂಡು ಚರ್ಚಿಸುವುದು. ಪುರಾಣ ಕೇಳಿ ರೂಢಿಯಾದ ಊರು ಕಾದಂಬರಿಯನ್ನೂ ಹಾಗೇ ಕೇಳುತ್ತಿತ್ತು.

ಒಮ್ಮೆ ಯಾವುದೋ ವಿಲಾಯತಿ ಕಾದಂಬರಿಯ ಅನುವಾದ ಹಿಡಿದೆವು. ಅದರಲ್ಲೊಬ್ಬ ಯಹೂದಿ. ಕೊಕ್ಕೆ ಮೂಗು, ಜಿಪುಣತನ, ಕಪಟ, ಬರೆದಾತ ಒಂದನ್ನೂ ಬಿಟ್ಟಿರಲಿಲ್ಲ. ನಾನೂ ಬಿಡಲಿಲ್ಲ, ಬೆನ್ನು ಬಾಗಿಸಿ, ಮೂಗಿನಲ್ಲಿ ರಾಗ ಎಳೆದು ಓದಿದೆ. ಮಂದಿ ಬಿದ್ದು ಬಿದ್ದು ನಕ್ಕರು. ಯಹೂದಿಯನ್ನು ಕಣ್ಣಾರೆ ಕಂಡಿರದ ಅಧ್ಯಕ್ಷ ಗೌಡರು, "ಆ ಮಂದೀನ ಹಂಗ" ಎಂದು ತೀರ್ಪು ಕೊಟ್ಟರು.

ನಗದಿದ್ದವರು ಭೀಮಪ್ಪ ಕಾಕಾ ಒಬ್ಬರೇ. ಅಳ್ನಾವರದಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದವರು.

"ಮಾಸ್ತರ, ನನ್ನ ಜೋಡಿ ನೌಕರಿ ಮಾಡಿದ ಡೇವಿಡ್ ಯಹೂದಿನ. ಕೊಂಕಣದಾಂವ. ಬರೂ ಗುರುವಾರ ನಮ್ಮನಿಗೆ ಬರಾಕತ್ತಾನ. ಇಲ್ಲಿಗೆ ಕರಕೊಂಡ ಬರ್ಲೋ ಬ್ಯಾಡೋ, ನೀವ ಹೇಳ್ರಿ."

"ಅಷ್ಟು ಪುಟ ಹಾರಿಸಿ ಓದಿದ್ರಾತು ಬಿಡ್ರಿ" ಎಂದರು ಗೌಡರು. ನಾನು ಹಟ ಹಿಡಿದೆ. ಬೆನ್ನ ಹಿಂದೆ ಓದಿ ನಗಿಸಿದ್ದನ್ನು ಮುಖದ ಮುಂದೆ ಓದಲಾಗದಿದ್ದರೆ ನಾನೆಂಥ ಮಾಸ್ತರ? "ಕರಕೊಂಡ ಬರ್ರಿ ಕಾಕಾ. ಅದನ್ನ ಓದ್ತೀನಿ" ಎಂದೆ.

ಗುರುವಾರ ಅತಿಥಿಯನ್ನು ಎದುರುಗೊಳ್ಳಲು ಬಸ್ಸಿನ ಹತ್ತಿರ ನಾನೇ ಹೋದೆ. ಇಳಿದವರ ಮೂಗುಗಳನ್ನೆಲ್ಲ ಪರೀಕ್ಷಿಸುತ್ತ ನಿಂತೆ. ಪಾಯಜಾಮ, ಕರಿ ಟೋಪಿಯ ಹಿರಿಯರೊಬ್ಬರು ಬಂದು ಭೀಮಪ್ಪನ ಮನೆ ಕೇಳಿದರು.

"ಆ ಓಣ್ಯಾಗ ಹೋಗ್ರಿ. ನಾ ಒಬ್ಬ ಯಹೂದಿ ಸಲುವಾಗಿ ಕಾಯಾಕತ್ತೇನಿ" ಎಂದೆ.

"ಹಂಗಾದ್ರ ಹೋಗೂಣು ನಡೀರಿ. ಅಂವಾ ಬಂದಾನ" ಎಂದರು ಅವರು.

ಸಂಜೆ ವಾಚನಾಲಯದಲ್ಲಿ, ಹೋದ ವಾರದ ನನ್ನ ಆಟವನ್ನು ಅವರೆದುರು ಮೊದಲು ಒಪ್ಪಿಕೊಂಡೆ. ಆಮೇಲೆ ಅದೇ ಪುಟಗಳನ್ನು ನನ್ನ ಸ್ವಂತ ದನಿಯಲ್ಲಿ ಓದಿದೆ. ಯಾರೂ ನಗಲಿಲ್ಲ. ಮೂಗಿನ ರಾಗ ತೆಗೆದ ಮೇಲೆ ಅಲ್ಲಿ ಬರೆದವನ ದ್ವೇಷವಷ್ಟೇ ಉಳಿದಿತ್ತು. ನನಗೆ ನಾಚಿಕೆಯಾಯಿತು.

ಡೇವಿಡರು ಹೇಳಿದರು: "ಇಂಥಾವು ನಾ ಭಾಳ ಓದೇನ್ರಿ. ನಮ್ಮ ಹಿರ್ಯಾರು ಎಣ್ಣಿ ಗಾಣ ಹಾಕಿದ್ರು. ಶನಿವಾರ ನಮ್ಮ ದೇವರ ವಾರ, ಎತ್ತು ಹೂಡ್ತಿದ್ದಿಲ್ಲ. ಅದಕ್ಕ ಕೊಂಕಣದ ಮಂದಿ ನಮಗ ಶನಿವಾರದ ಗಾಣಗ್ಯಾರು ಅಂತಿದ್ರು. ನಾ ಯಹೂದಿ ಅಂದ್ರ ಆ ಗಾಣಗ್ಯಾರ ಮನ್ಯಾಂವ, ಅಷ್ಟ."

ಗೌಡರು ತಲೆ ಎತ್ತಿದರು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನೆತನ ಅವರದು. "ನಮ್ದು ಸೋಮವಾರರಿ" ಎಂದರು.

"ದೇವ್ರು ಬ್ಯಾರೆ, ಪ್ರಾರ್ಥನಾ ಬ್ಯಾರೆ. ಎತ್ತಿನ ಸೂಟಿ ಅಷ್ಟ ಒಂದ ನಮೂನಿ" ಎಂದು ಡೇವಿಡರು ನಕ್ಕರು. ಗೌಡರು ನಗಲಿಲ್ಲ. "ಹ್ವಾದ ವಾರ ನಾ ತಪ್ಪು ಮಾತಾಡೇನ್ರಿ" ಎಂದರು.

ಎದ್ದು ಹೊರಡುವಾಗ ಡೇವಿಡರು ನನ್ನ ಕೈ ಹಿಡಿದು, "ಆ ದನಿ ಒಮ್ಮೆ ಕೇಳಸ್ರಿ ಮಾಸ್ತರ" ಎಂದರು. ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ನೆಲ ನೋಡುತ್ತ ಎರಡು ಮಾತು ಮೂಗಿನಲ್ಲಿ ಎಳೆದೆ. ಅವರು ತಲೆಯಾಡಿಸಿದರು.

"ಹಿಂಗ ಮಾತಾಡೋ ಯಹೂದಿನ್ನ ನಾ ಎಲ್ಲೂ ಕಂಡಿಲ್ಲ. ಖರೇ ಹೇಳ್ರಿ, ಇದು ಯಾರ ದನಿ?"

ಹೌದಲ್ಲ, ಯಹೂದಿಯನ್ನೇ ಕಾಣದವನು ಅದನ್ನು ಎಲ್ಲಿಂದ ತಂದಿದ್ದೆ? ಯೋಚಿಸಿದೆ, ಹೊಳೆಯಿತು, ಎಲ್ಲರೆದುರಿಗೂ ಹೇಳಲೇಬೇಕಾಯಿತು.

"ನಮ್ಮ ಸ್ವಾದರಮಾವಂದ್ರಿ."