ಗೆರಟೆಯ ಎರೆಹುಳು

ಎಪ್ಪತ್ತರ ದಶಕದಲ್ಲಿ ಕಡಬದಲ್ಲಿ ನಮ್ಮ ನೆರೆಯವರಾಗಿದ್ದ ಟೈಲರಿಗೆ ಭಾನುವಾರವೆಂದರೆ ಕುಮಾರಧಾರೆ ಹೊಳೆ. ಬಾಳೆಬುಡದಲ್ಲಿ ಅಗೆದ ಎರೆಹುಳುಗಳನ್ನು ತೆಂಗಿನ ಗೆರಟೆಯ ಒದ್ದೆ ಮಣ್ಣಿನಲ್ಲಿಟ್ಟು ಒಯ್ಯುತ್ತಿದ್ದರು. ಸೂಜಿಗೆ ನೂಲು ಪೋಣಿಸುವ ಹಾಗೆ ಒಂದು ಕಣ್ಣು ಮುಚ್ಚಿ ಗಾಳಕ್ಕೆ ಹುಳು ಸಿಕ್ಕಿಸುತ್ತಿದ್ದರು. ಸಣ್ಣ ಮೀನು ಸಿಕ್ಕಿದರೆ ಮತ್ತೆ ನೀರಿಗೆ. ಉಳಿದ ಹುಳು ಮತ್ತೆ ಬಾಳೆಬುಡಕ್ಕೆ. ನಾನು ನಕ್ಕರೆ, "ಬರುವ ವಾರಕ್ಕೆ ಬೇಡ್ವಾ ಮಾರಾಯ್ರೆ?" ಎನ್ನುತ್ತಿದ್ದರು.

ಒಂದು ಬೇಸಿಗೆ ನಾವು ಹೋಗುವಷ್ಟರಲ್ಲಿ ಯಾವನೋ ಹಾಳಾದವನು ಮಡುವಿಗೆ ಸಿಡಿಮದ್ದಿನ ತೋಟೆ ಎಸೆದಿದ್ದ. ಮರಿಗಳೂ ಸೇರಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದಡದಲ್ಲಿ ಮೀನು ಬಾಚುತ್ತಿದ್ದ ಅವನೇ ದೊಡ್ಡದೊಂದನ್ನು ಚಾಚಿ, "ಬೇಕಾದಷ್ಟು ಉಂಟು, ತಕ್ಕೊಳ್ಳಿ" ಎಂದ. ಟೈಲರ್ ಕೈಮುಗಿದು ಹಿಂದಿರುಗಿದರು.

ಮನೆಗೆ ಬಂದವರೇ ಗೆರಟೆಯನ್ನು ಬಾಳೆಬುಡದಲ್ಲಿ ಬೋರಲು ಹಾಕಿ, ಹುಳುಗಳು ಮಣ್ಣಿಗಿಳಿಯುವುದನ್ನು ನೋಡುತ್ತ ಕುಳಿತರು. ಬರುವ ವಾರದ ಮಾತೆತ್ತಲಿಲ್ಲ.